ದೂರದ ಲೆಕ್ಕ

ಊರಿಂದೂರಿಗೆ ಎಷ್ಟು ದೂರವೆಂದು ಕೇಳಿದರೆ ಹಿಂದಿನವರು ಹರದಾರಿಗಳಲ್ಲಿ ಉತ್ತರ ಹೇಳುತ್ತಿದ್ದರು. ಇಂದಿನವರು ಗಂಟೆಗಳಲ್ಲಿ ಹೇಳುತ್ತಾರೆ. ಕುಮಟೆಯಿಂದ ಹೊನ್ನಾವರಕ್ಕೆ ಅರ್ಧ ಗಂಟೆ, ಹೊನ್ನಾವರದಿಂದ ಭಟ್ಕಳಕ್ಕೆ ಒಂದು ಗಂಟೆ. ದುಬೈಗೆ? ‘ಮೂರೂವರೆ ಗಂಟೆ’ ಎಂದು ಭಟ್ಕಳದ ಮಕ್ಕಳು ಥಟ್ಟನೆ ಹೇಳಿಯಾರು. ಅಲ್ಲಿನ ಅನೇಕ ಮನೆಗಳ ಗಂಡಸರು ಕೊಲ್ಲಿಯ ನಾಡುಗಳಲ್ಲಿ ದುಡಿಯುತ್ತಾರೆ.

ಈ ನಂಟು ಇಂದು ನಿನ್ನೆಯದಲ್ಲ. 14ನೆಯ ಶತಮಾನದಲ್ಲಿ ಮೊರಾಕೋದ ಪ್ರವಾಸಿ ಇಬ್ನ್ ಬತೂತ ಹೊನ್ನಾವರವನ್ನು ಕಂಡು ಬರೆದನು. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳ, ಹೊನ್ನಾವರಗಳ ರೇವಿನಲ್ಲಿಳಿದು ಘಟ್ಟವನ್ನೇರುತ್ತಿದ್ದವು. ಘಟ್ಟದ ಮೆಣಸು ಹಡಗನ್ನೇರುತ್ತಿತ್ತು. ಅಂದು ದೂರವನ್ನು ಅಳೆಯುತ್ತಿದ್ದುದು ಗಾಳಿ. ಮಳೆಗಾಲ ಕಳೆದು ಈಶಾನ್ಯದ ಗಾಳಿ ಬೀಸತೊಡಗಿದ ಮೇಲೆ ಹಾಯಿ ಬಿಚ್ಚಿದ ಹಡಗು ಆಚೆಯ ದಡ ಸೇರಲು ವಾರಗಳೇ ಹಿಡಿಯುತ್ತಿದ್ದವು. ಮರಳಬೇಕಾದರೆ ಗಾಳಿ ದಿಕ್ಕು ಬದಲಿಸುವವರೆಗೆ ಕಾಯಬೇಕಿತ್ತು.

2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಹಾರಾಟ ಆರಂಭವಾಯಿತು. ಈ ಎರಡು ನಗರಗಳ ನೇರ ಅಂತರ ಸುಮಾರು 2,450 ಕಿಲೋಮೀಟರು. ಜೆಟ್ ವಿಮಾನ ಗಂಟೆಗೆ 800 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಹಾರಬಲ್ಲದು. ಹಾಗಾದರೆ ಮೂರು ಗಂಟೆ ಸಾಲದೆ ಎಂದು ಗಣಿತ ಬಲ್ಲ ವಿದ್ಯಾರ್ಥಿ ಕೇಳಬಹುದು. ಸಾಲದು. ಮೇಲೇರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ಆಕಾಶದಲ್ಲಿಯೂ ಗೊತ್ತುಪಡಿಸಿದ ದಾರಿಗಳುಂಟು, ಅವು ಗೆರೆ ಎಳೆದಂತೆ ನೇರವಲ್ಲ. ಗಾಳಿ ಎದುರಾದರೆ ಪ್ರಯಾಣ ಇನ್ನಷ್ಟು ನಿಧಾನ.

ಗಡಿಯಾರದ ಆಟ ಬೇರೆ. ದುಬೈಯ ವೇಳೆ ನಮ್ಮ ವೇಳೆಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 8ಕ್ಕೆ ಮಂಗಳೂರು ಬಿಟ್ಟವನು ಅಲ್ಲಿನ 10 ಗಂಟೆಗೆ ಇಳಿಯುತ್ತಾನೆ. ಅಲ್ಲಿನ 8ಕ್ಕೆ ಹೊರಟವನು ಇಲ್ಲಿ ಇಳಿಯುವಾಗ ಮಧ್ಯಾಹ್ನ 1 ಗಂಟೆ. ಗಡಿಯಾರವನ್ನೇ ನಂಬಿದರೆ ಹೋಗಲು ಎರಡು ಗಂಟೆ, ಬರಲು ಐದು! ಅಗಲುವುದು ಬೇಗ, ಕೂಡುವುದು ತಡ.

ಈ ಮಾತು ಬರಿಯ ವಿನೋದವಲ್ಲ. ನಡುರಾತ್ರಿ ಭಟ್ಕಳದ ಮನೆಯೊಂದರಲ್ಲಿ ಹಿರಿಯರೊಬ್ಬರು ಕಣ್ಣು ಮುಚ್ಚಿದರೆನ್ನಿ. ಸುದ್ದಿ ಕ್ಷಣಮಾತ್ರದಲ್ಲಿ ಮಗನನ್ನು ಮುಟ್ಟುತ್ತದೆ. ಮಗ ಮುಟ್ಟುವುದು ಎಂದಿಗೆ? ಧಣಿಯ ಅನುಮತಿ ಬೇಕು, ವಿಮಾನದಲ್ಲಿ ಜಾಗ ಸಿಗಬೇಕು. ನಿಲ್ದಾಣದಲ್ಲಿ ಮೂರು ಗಂಟೆ, ಆಕಾಶದಲ್ಲಿ ಮೂರೂವರೆ ಗಂಟೆ, ಬಳಿಕ ಮಂಗಳೂರಿನಿಂದ ಸುಮಾರು 140 ಕಿಲೋಮೀಟರು ರಸ್ತೆ. ಇತ್ತ ದಫನವನ್ನು ಬಹಳ ಹೊತ್ತು ತಡೆಯುವ ವಾಡಿಕೆಯಿಲ್ಲ. ಮನೆಯವರು ಗಡಿಯಾರವನ್ನೂ ಬಾಗಿಲನ್ನೂ ಮತ್ತೆ ಮತ್ತೆ ನೋಡುತ್ತಾರೆ. ಒಮ್ಮೊಮ್ಮೆ ಮಗ ಮಣ್ಣು ಹಾಕುವ ಹೊತ್ತಿಗೆ ಬಂದು ಸೇರುತ್ತಾನೆ. ಒಮ್ಮೊಮ್ಮೆ ಹಸಿ ಮಣ್ಣಿನ ಮುಂದೆ ಒಬ್ಬನೇ ನಿಲ್ಲುತ್ತಾನೆ.

ಹಾಯಿಹಡಗಿನ ಕಾಲದವರಿಗೆ ಇಂಥ ಆಸೆಯೇ ಇರಲಿಲ್ಲ. ಸುದ್ದಿಯೇ ತಿಂಗಳುಗಳ ಮೇಲೆ ತಲುಪುತ್ತಿತ್ತು. ವಿಮಾನವು ಸಮುದ್ರವನ್ನು ಕಿರಿದುಮಾಡಿತು, ಅದರೊಡನೆ ಆಸೆಯನ್ನು ಹಿರಿದುಮಾಡಿತು. ಆದುದರಿಂದಲೇ ‘ದುಬೈ ಎಷ್ಟು ದೂರ?’ ಎಂಬ ಪ್ರಶ್ನೆಗೆ ಮಕ್ಕಳು ಹೇಳುವ ಉತ್ತರ ಒಂದು, ಬಾಗಿಲಲ್ಲಿ ಕುಳಿತ ತಾಯಿಯ ಉತ್ತರ ಇನ್ನೊಂದು. ಎರಡೂ ಸುಳ್ಳಲ್ಲ.