ಲೈಟ್ ಕಂಬದ ಲೆಕ್ಕ

ಇಲ್ಲಿ ಏನೂ ಬರೆಯದೆ ಐದು ತಿಂಗಳಾಯ್ತು. ಒಂದಿಬ್ಬರು ಮೇಲ್ ಮಾಡಿ "ಏನಪ್ಪಾ ನಾಪತ್ತೆ, ಮದುವೆ ಗಿದುವೆ ಆಯ್ತಾ?" ಅಂತ ಕೇಳಿದ್ರಿ. ಇಲ್ಲ :-) ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಬೇಗ ಆಸ್ಪತ್ರೆ ಸೇರಿಸಿದ್ವಿ, ಒಂದು ಸ್ಟೆಂಟ್ ಹಾಕಿದ್ರು, ಈಗ ಚೆನ್ನಾಗಿದ್ದಾರೆ. ಆ ರಾತ್ರಿಯ ಕಥೆ ಬರೆಯೋ ಮನಸ್ಸಿಲ್ಲ. ಬರೆಯಬೇಕು ಅನ್ನಿಸಿದ್ದು ಆಮೇಲಿನದ್ದು. ಅಂದರೆ ಮನೆಗೆ ಬಂದ ಅಪ್ಪನನ್ನು ಕುರ್ಚಿಯಿಂದ ಎಬ್ಬಿಸಿದ್ದು.

ನಮ್ಮ ಕಡೆ ಹಾರ್ಟ್ ಪೇಶೆಂಟ್ ಅಂದರೆ ಗಾಜಿನ ಲೋಟ ಇದ್ದ ಹಾಗೆ. ನೋಡೋಕೆ ಬಂದವರೆಲ್ಲ ಮೂಸಂಬಿ ಜೊತೆಗೆ ಒಂದೇ ಮಾತು ತಂದರು, "ಚೆನ್ನಾಗಿ ರೆಸ್ಟ್ ತಗೊಳ್ಳಿ". ಸೋದರಮಾವ ಬಚ್ಚಲಿಗೆ ಹೋಗುವಾಗಲೂ ಕೈ ಹಿಡಿದುಕೊಳ್ಳುತ್ತಿದ್ದರು. ಅಮ್ಮ ನೀರಿನ ಚೊಂಬು ಎತ್ತೋಕೂ ಬಿಡುತ್ತಿರಲಿಲ್ಲ. ಅಪ್ಪನಿಗೂ ಅದೇ ಬೇಕಿತ್ತು ಅನ್ನಿಸುತ್ತೆ, ಹಿತಕ್ಕಿಂತ ಹೆಚ್ಚಾಗಿ ಭಯಕ್ಕೆ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಎದೆ ಮೇಲೆ ಕೈ ಹೋಗೋದು. ಡಿಸ್ಚಾರ್ಜ್ ಚೀಟಿಯಲ್ಲಿ ಪ್ರತಿ ಮಾತ್ರೆಯ ಮುಂದೆ 1-0-1, 0-0-1 ಅಂತ ನೀಟಾಗಿ ಬರೆದಿತ್ತು. ಕೊನೆಯಲ್ಲಿ "ವಾಕಿಂಗ್" ಅಂತ ಒಂದೇ ಪದ. ಎಷ್ಟು ದೂರ, ಎಷ್ಟು ಜೋರು, ಯಾವಾಗ ನಿಲ್ಲಿಸಬೇಕು, ಏನೂ ಇಲ್ಲ. ಮುಂದಿನ ಸಲ ಹೋದಾಗ ಡಾಕ್ಟರನ್ನೇ ಕೇಳಿದೆ. ಪಾಪ, ಹೊರಗೆ ಅಷ್ಟು ಜನ ಕಾಯ್ತಾ ಇದ್ದರೂ ಬೇಜಾರಿಲ್ಲದೆ ಹೇಳಿದರು. ಉಳಿದದ್ದು ರಾತ್ರಿ ಕೂತು ಓದಿದ್ದು.

ಈ "ರೆಸ್ಟ್" ಸಲಹೆ ನಮ್ಮ ನೆಂಟರು ಕಂಡುಹಿಡಿದದ್ದೇನಲ್ಲ. ಒಂದು ಕಾಲಕ್ಕೆ ಡಾಕ್ಟರುಗಳದ್ದೇ ಆಗಿತ್ತು. 1912ರಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್, ಹೃದಯದ ರಕ್ತನಾಳ ಕಟ್ಟಿಕೊಂಡವರು ಅಲ್ಲಾಡದೆ ಮಲಗಬೇಕು ಅಂದರು. ಮುಂದೆ ದಶಕಗಟ್ಟಲೆ ನಾಲ್ಕಾರು ವಾರ ಹಾಸಿಗೆಯೇ ಗತಿ. 1952ರಲ್ಲಿ ಬಾಸ್ಟನ್ನಿನ ಲೆವಿನ್ ಮತ್ತು ಲೌನ್ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಆರಾಮ ಕುರ್ಚಿಯಲ್ಲಿ ಕೂರಿಸಿದ್ದೇ ಆಗ ದೊಡ್ಡ ಧೈರ್ಯ. ಬರೀ ಕೂರಿಸಿದ್ದಕ್ಕೆ! ಆಮೇಲೆ 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಇಪ್ಪತ್ತು ವರ್ಷದ ಐದು ಜನ ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಇಟ್ಟು ನೋಡಿದರು. ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಕಾಲು ಭಾಗಕ್ಕಿಂತಲೂ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಮತ್ತೆ ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು ಏನಂದರೆ, ಮೂವತ್ತು ವರ್ಷದ ವಯಸ್ಸಿಗಿಂತ ಆ ಮೂರು ವಾರದ ಮಲಗುವಿಕೆಯೇ ಅವರನ್ನು ಜಾಸ್ತಿ ಇಳಿಸಿತ್ತು. ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವರು. ಅವರಿಗೆ ಸಂಖ್ಯೆ ಹೇಳಿದರೆ ಬುದ್ಧಿ ಹೇಳಿದ್ದಕ್ಕಿಂತ ಬೇಗ ನಾಟುತ್ತೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಬಸ್ಸಿನ ಕಥೆ. 1953ರಲ್ಲಿ ಜೆರೆಮಿ ಮಾರಿಸ್ ಅನ್ನೋ ಡಾಕ್ಟರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್, ಕಂಡಕ್ಟರುಗಳ ಲೆಕ್ಕ ತೆಗೆದರು. ಅದೇ ಬಸ್ಸು, ಅದೇ ಹೊಗೆ. ಒಬ್ಬ ದಿನವಿಡೀ ಕೂತಿರುತ್ತಾನೆ, ಇನ್ನೊಬ್ಬ ಟಿಕೆಟ್ ಕೊಡುತ್ತಾ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ, ಬಂದರೂ ಸಾಯೋದು ಕಡಿಮೆ. (ಮಜಾ ಏನಂದ್ರೆ, ಮೂರು ವರ್ಷದ ನಂತರ ಯೂನಿಫಾರ್ಮ್ ಪ್ಯಾಂಟಿನ ಅಳತೆ ತೆಗೆದು ನೋಡಿದಾಗ ಡ್ರೈವರುಗಳ ಸೊಂಟ ಮೊದಲಿನಿಂದಲೇ ದಪ್ಪ ಇತ್ತಂತೆ. ಹಾಗಾಗಿ ಎಲ್ಲ ಪುಣ್ಯವನ್ನೂ ಮೆಟ್ಟಿಲಿಗೇ ಕೊಡುವ ಹಾಗಿಲ್ಲ.) ಮಾರಿಸ್ ಸ್ವತಃ 99 ವರ್ಷ ಬದುಕಿದರು. ಸಾಫ್ಟ್‌ವೇರ್‌ನವರಾದ ನಾವು ಈ ಬಸ್ಸಿನಲ್ಲಿ ಯಾರು ಅಂತ ಬೇರೆ ಹೇಳಬೇಕಿಲ್ಲ. ಡ್ರೈವರ್ ಆದರೂ ಸ್ಟೀರಿಂಗ್ ತಿರುಗಿಸುತ್ತಾನೆ.

ಸ್ಟೆಂಟ್ ಹಾಕಿದ ಮೇಲೆ ರಿಪೇರಿ ಆಯ್ತಲ್ಲ, ಇನ್ಯಾಕೆ ನಡೆಯಬೇಕು ಅಂತ ಅಪ್ಪ ಕೇಳಿದ್ದರು. ಪೈಪಿನಲ್ಲಿ ಒಂದು ಜಾಗ ಮಾತ್ರ ಬಿಡಿಸಿದ್ದಾರೆ, ಕಾಯಿಲೆ ಇರೋದು ಪೈಪಿನ ಉದ್ದಕ್ಕೂ. ನಡೆದು ನಡೆದು ಪಳಗಿದ ಕಾಲಿನ ಸ್ನಾಯು ರಕ್ತದಿಂದ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳುತ್ತೆ, ಹಾಗಾಗಿ ಅದೇ ಕೆಲಸಕ್ಕೆ ಹೃದಯ ಕಡಿಮೆ ದುಡಿದರೆ ಸಾಕು. ನಾಡಿ ನಿಧಾನವಾದರೆ ಇನ್ನೊಂದು ಲಾಭ ಇದೆ. ಹೃದಯ ತನ್ನ ಪಾಲಿನ ರಕ್ತವನ್ನು ಹೆಚ್ಚಾಗಿ ತುಂಬಿಕೊಳ್ಳೋದು ಎರಡು ಬಡಿತದ ನಡುವಿನ ಬಿಡುವಿನಲ್ಲಿ. ಬಿಡುವು ಉದ್ದವಾದಷ್ಟೂ ಅದಕ್ಕೇ ಊಟ ಜಾಸ್ತಿ. ಊರಿಗೆಲ್ಲ ಬಡಿಸಿ ಕೊನೆಗೆ ತಾನು ಉಣ್ಣುವ ನಮ್ಮ ಅಮ್ಮಂದಿರ ಹಾಗೆ.

ಇನ್ನು ಡೋಸ್. ನಮ್ಮ ಮನೆ ಮೈಸೂರಿನಲ್ಲಿ, ಬೀದಿ ಸಮತಟ್ಟು. ಗೇಟಿನಿಂದ ಲೈಟ್ ಕಂಬ ಎಣಿಸಿದ್ವಿ. ಮೊದಲ ವಾರ ಮೂರು ಕಂಬ ಹೋಗಿ ವಾಪಸ್, ಐದೇ ನಿಮಿಷ, ಆದರೆ ದಿನಕ್ಕೆ ಮೂರು ಸಲ. ತೊಂದರೆ ಇಲ್ಲದಿದ್ದರೆ ದಿನಕ್ಕೆ ಒಂದು ನಿಮಿಷ ಜಾಸ್ತಿ. ಹೋದಷ್ಟೇ ದೂರ ವಾಪಸ್ಸೂ ಬರಬೇಕು ಅನ್ನೋದನ್ನು ಹುರುಪಿನಲ್ಲಿ ಜನ ಮರೀತಾರಂತೆ, ಅದಕ್ಕೇ ಕಂಬದ ಲೆಕ್ಕ. ಮಾರನೇ ದಿನ ಬೆಳಿಗ್ಗೆ ಸುಸ್ತು ಉಳಿದಿದ್ದರೆ ನಿನ್ನೆಯ ಡೋಸ್ ಹೆಚ್ಚಾಯ್ತು ಅಂತ ಅರ್ಥ, ಎರಡು ಕಂಬ ಕಡಿಮೆ ಮಾಡೋದು. ಊಟ ಆಗಿ ಒಂದೂವರೆ ಗಂಟೆ ನಡಿಗೆ ಇಲ್ಲ. ಜ್ವರ ಇದ್ದ ದಿನ ಇಲ್ಲವೇ ಇಲ್ಲ. ಇದು ಅಪ್ಪನಿಗೆ ಅವರ ಎಕೋ ರಿಪೋರ್ಟ್ ನೋಡಿ ಡಾಕ್ಟರು ಒಪ್ಪಿದ ಲೆಕ್ಕ, ದಯವಿಟ್ಟು ಕಾಪಿ ಪೇಸ್ಟ್ ಮಾಡಬೇಡಿ. ಎದುರು ಮನೆಯ ಅಂಕಲ್‌ಗೆ ಬೈಪಾಸ್ ಆಗಿದೆ, ಅವರ ಕಾನೂನೇ ಬೇರೆ. ಎದೆ ಮೂಳೆ ಕೂಡಿಕೊಳ್ಳುವ ತನಕ, ಅಂದರೆ ಎರಡು ಮೂರು ತಿಂಗಳು, ನೀರಿನ ಬಕೆಟ್ಟೂ ಎತ್ತೋ ಹಾಗಿಲ್ಲ.

ಎಷ್ಟು ಜೋರಾಗಿ ನಡೀಬೇಕು ಅನ್ನೋದಕ್ಕೆ ನಾನು ಇಂಜಿನಿಯರ್ ಬುದ್ಧಿ ತೋರಿಸಿ ಸ್ಮಾರ್ಟ್ ವಾಚ್ ಕಟ್ಟೋಣ ಅಂದೆ. ಡಾಕ್ಟರು ನಕ್ಕರು. ಅಪ್ಪ ತಗೊಳ್ಳೋದು ಬೀಟಾ ಬ್ಲಾಕರ್, ಅದು ನಾಡಿಯನ್ನೇ ಹಿಡಿದಿಡುವ ಮಾತ್ರೆ. 220ರಲ್ಲಿ ವಯಸ್ಸು ಕಳೆಯುವ ಸೂತ್ರ ಅವರಿಗೆ ನಡೆಯಲ್ಲ. ಬದಲಿಗೆ ಒಂದು ಸುಲಭದ ಪರೀಕ್ಷೆ ಹೇಳಿಕೊಟ್ಟರು: ನಡೆಯುವಾಗ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಮಾತೇ ತುಂಡಾದರೆ ನಿಧಾನ ಮಾಡು, ಹಾಡು ಬಂದರೆ ಸ್ವಲ್ಪ ಜೋರು ಮಾಡು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಒಂದು ಸ್ಕೇಲೂ ಇದೆ, ಶ್ರಮ ಎಷ್ಟಾಗ್ತಿದೆ ಅಂತ ನಾವೇ ಅಂಕ ಕೊಡೋದು, 6ರಿಂದ 20ರವರೆಗೆ. ಲೋಕ ಒಂದರಿಂದ ಎಣಿಸುತ್ತೆ, ಪ್ರೋಗ್ರಾಮರುಗಳು ಸೊನ್ನೆಯಿಂದ, ಈ ಮನುಷ್ಯ ಆರರಿಂದ! ಕಾರಣ ಇದೆ. ಆ ಅಂಕಕ್ಕೆ ಮುಂದೆ ಒಂದು ಸೊನ್ನೆ ಸೇರಿಸಿದರೆ ಆರೋಗ್ಯವಂತರ ನಾಡಿಬಡಿತ ಹೆಚ್ಚುಕಮ್ಮಿ ಸಿಗುತ್ತೆ. ಅಪ್ಪನಿಗೆ ಹೇಳಿದ್ದು 11ರಿಂದ 13ರೊಳಗೆ. ಮೇಷ್ಟ್ರು ಈಗ ತಮಗೆ ತಾವೇ ಮಾರ್ಕ್ಸ್ ಹಾಕಿಕೊಳ್ತಾರೆ, "ಇವತ್ತು ಹನ್ನೆರಡು" ಅಂತ ಗೇಟ್ ತೆಗೆಯುತ್ತಲೇ ಹೇಳ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಅಮ್ಮ ಸೇರಿ ಪೊಲೀಸ್ ಆಗಿದ್ದೇವೆ. ನಡೆದು ಬಂದವರೇ ಧಪ್ ಅಂತ ಕೂರೋ ಹಾಗಿಲ್ಲ, ಕೊನೆಯ ಎರಡು ಕಂಬ ನಿಧಾನ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತವೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ನಿಂತು ಬಿಪಿ ಇಳಿಯುತ್ತೆ, ಆದರೆ ಅಡ್ರಿನಲಿನ್ ಇನ್ನೂ ಇಳಿದಿರಲ್ಲ. ಹೃದಯದ ತಾಳ ತಪ್ಪೋಕೆ ಅದು ಒಳ್ಳೆ ಸಮಯ. ಎದೆ ಒತ್ತಿದ ಹಾಗೆ, ದವಡೆ ಅಥವಾ ಎಡಗೈಗೆ ನೋವು, ತಣ್ಣನೆ ಬೆವರು, ತಲೆ ಸುತ್ತು, ಇದರಲ್ಲಿ ಯಾವುದಾದರೂ ಬಂದರೆ ಅಲ್ಲೇ ಕೂತು, ಡಾಕ್ಟರು ಕೊಟ್ಟ ಮಾತ್ರೆ ನಾಲಿಗೆ ಕೆಳಗೆ. ಐದು ನಿಮಿಷದಲ್ಲಿ ಹೋಗದಿದ್ದರೆ 108. ಶುಗರ್ ಇದ್ದವರಿಗೆ ನೋವೇ ಬಾರದೆ ಬರೀ ಉಬ್ಬಸ ಬರಬಹುದು. ಅಪ್ಪನಿಗೆ ಶುಗರ್ ಇದೆ.

ಇಷ್ಟೆಲ್ಲ ಓದುವಾಗ ನಮ್ಮ ವಯಸ್ಸಿನವರದ್ದೇ ಯೋಚನೆ ಬಂತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅವರಿಗೆ 46. ಅವತ್ತು ಬೆಳಿಗ್ಗೆ ಜಿಮ್ ಮಾಡಿದ್ದರು ಅನ್ನೋ ಸುದ್ದಿ ಹಿಡಿದುಕೊಂಡು ನನ್ನ ರೂಮ್‌ಮೇಟ್ ಜಿಮ್ ಬಿಟ್ಟ, ಮತ್ತೆ ಹೋಗಲಿಲ್ಲ. ಅದು ಸರಿಯಾದ ಪಾಠ ಅಂತ ನನಗೆ ಅನ್ನಿಸಲ್ಲ. 1993ರಲ್ಲಿ ಅಮೆರಿಕದಲ್ಲಿ ಮಿಟಲ್‌ಮನ್ ಮತ್ತಿತರರು ಹೃದಯಾಘಾತ ಆದವರನ್ನು ಕೇಳಿ ತೆಗೆದ ಲೆಕ್ಕ ಹೀಗಿದೆ: ಭಾರೀ ಶ್ರಮದ ನಂತರದ ಒಂದು ಗಂಟೆಯಲ್ಲಿ ಅಪಾಯ, ವ್ಯಾಯಾಮವೇ ಮಾಡದವರಿಗೆ ಬೇರೆ ಸಮಯದ 107 ಪಟ್ಟು. ವಾರಕ್ಕೆ ಐದು ದಿನ ಅಥವಾ ಹೆಚ್ಚು ಮಾಡುವವರಿಗೆ 2.4 ಪಟ್ಟು. (ಮೂಲದಲ್ಲಿ ಅಪಾಯ ತೀರಾ ಸಣ್ಣದು, ಹಾಗಾಗಿ 107 ನೋಡಿ ಹೆದರಬೇಡಿ.) ಅಂದರೆ ಕಷ್ಟ ಇರೋದು ಜಿಗಿತದಲ್ಲಿ. ವರ್ಷವಿಡೀ ಕೂತು, ಟೀಮ್ ಔಟಿಂಗ್ ದಿನ ಹದಿನೈದು ಓವರ್ ಬೌಲಿಂಗ್ ಮಾಡೋ ನಮ್ಮ ಮ್ಯಾನೇಜರ್ ಥರದವರದ್ದು. ಅದರ ಜೊತೆಗೆ ಮನೆಯ ಇತಿಹಾಸ. ಅಮೆರಿಕದಲ್ಲಿ ಜಾಗಿಂಗ್ ಹುಚ್ಚು ಹಿಡಿಸಿದ ಜಿಮ್ ಫಿಕ್ಸ್ 1984ರಲ್ಲಿ ಓಡಿದ ಮೇಲೆಯೇ ತೀರಿಕೊಂಡರು, 52 ವರ್ಷ. ಅವರ ತಂದೆ 43ಕ್ಕೇ ಹೃದಯದ ಕಾಯಿಲೆಯಿಂದ ಹೋಗಿದ್ದರು. ನನಗೂ ಈಗ ಮನೆಯ ಇತಿಹಾಸ ಶುರುವಾಯ್ತು. ಹೋದ ತಿಂಗಳು ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರೂ ಮಾಡಿಸಿದೆ. ನಮ್ಮ ಕಡೆಯವರಿಗೆ ಈ ಕಾಯಿಲೆ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತೆ ಅಂತ 2004ರ ಇಂಟರ್‌ಹಾರ್ಟ್ ಅಧ್ಯಯನ ಹೇಳುತ್ತೆ.

ಅಪ್ಪ ಈಗ ಒಂದೇ ಸಲಕ್ಕೆ ಮೂವತ್ತೈದು ನಿಮಿಷ ನಡೀತಾರೆ. ಬೀದಿಯ ಕಂಬ ಮುಗಿದು ಕುಕ್ಕರಹಳ್ಳಿ ಕೆರೆ ಏರಿ ಸೇರಿದ್ದಾರೆ, ಅಲ್ಲಿ ಅವರ ಥರದ್ದೇ ನಾಲ್ಕು ಜನ ಸ್ಟೆಂಟ್ ಗೆಳೆಯರು ಸಿಕ್ಕಿದ್ದಾರೆ. ಸೋದರಮಾವ ಫೋನ್ ಮಾಡಿದರೆ ಈಗಲೂ ಮೊದಲ ಪ್ರಶ್ನೆ "ರೆಸ್ಟ್ ಮಾಡ್ತಿದ್ದಾರಾ?"

ಹೊಸ ಜಗಳ ಶುರುವಾಗಿರೋದು ಚಾಮುಂಡಿ ಬೆಟ್ಟದ್ದು. ಪ್ರತಿ ಆಷಾಢದಲ್ಲೂ ಒಂದು ಶುಕ್ರವಾರ ಸಾವಿರ ಮೆಟ್ಟಿಲು ಹತ್ತಿದವರು, ಈ ಸಲ ಬಿಡಲ್ಲ ಅಂತಾರೆ. ಅಮ್ಮ ಬಸ್ಸಿನಲ್ಲಿ ಹೋಗೋಣ ಅಂತಾಳೆ. ಡಾಕ್ಟರು ಬೇಡ ಅಂದಿಲ್ಲ, ಟಿಎಂಟಿ ಮಾಡಿ ನೋಡೋಣ ಅಂದಿದ್ದಾರೆ, ಮುಂದಿನ ತಿಂಗಳು. ಅಲ್ಲಿಯವರೆಗೆ ಮನೆಯ ಟೆರೇಸಿನ ಮೆಟ್ಟಿಲು, ಹದಿನೆಂಟು, ದಿನಕ್ಕೆ ಎರಡು ಸಲ, ಕಂಬಿ ಹಿಡಿದುಕೊಂಡು. ನಿನ್ನೆ ಕೇಳಿದ್ದಕ್ಕೆ ಹದಿಮೂರು ಮಾರ್ಕ್ಸ್ ಅಂದ್ರು. ಅಮ್ಮ ಅಡುಗೆಮನೆಯಿಂದಲೇ, "ಸುಳ್ಳು, ಹದಿನೈದು. ಮಾತೇ ಆಡ್ತಿರಲಿಲ್ಲ" ಅಂದಳು.