ಕಲ್ಲಚ್ಚಿನ ಗಾಯಕಿಯರು

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಅಪೇರಾ ಗಾಯಕಿಯರ ಕಲ್ಲಚ್ಚಿನ ಚಿತ್ರಗಳೆಂದರೆ ನನಗೆ ಪ್ರಾಣ. ಹೂಲಿಯ ಪಂಚಲಿಂಗೇಶ್ವರನ ಗುಡಿಯ ಸುತ್ತ ಆಡಿ ಬೆಳೆದವನಿಗೆ ಕಲ್ಲಿನಿಂದ ಮೂಡಿದ ಮುಖಗಳ ಗೀಳು ಹತ್ತಿದ್ದು ಸಹಜವೇ ಇರಬೇಕು. ರಾತ್ರಿ ಊಟವಾದ ಮೇಲೆ ಭೂತಗನ್ನಡಿ ಹಿಡಿದು ಕೂತೆನೆಂದರೆ ಹೊತ್ತು ಹೋದದ್ದೇ ತಿಳಿಯದು.

ವಿಯೆನ್ನಾದ ಯೋಸೆಫ್ ಕ್ರೀಹೂಬರ್ ನನ್ನ ಮೆಚ್ಚಿನವನು. ಸುಮಾರು 3000 ಕಲ್ಲಚ್ಚಿನ ಚಿತ್ರಗಳನ್ನು ಮಾಡಿದ ಕೈ ಅದು. ಸಣ್ಣ ತರಿ ಉಳಿಯುವಂತೆ ಉಜ್ಜಿದ ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಎಡಬಲ ತಿರುಗಿಸಿ ಬರೆಯಬೇಕು. ಆಮೇಲೆ ಗೋಂದು, ಆಮ್ಲದ ಸಂಸ್ಕಾರ. ಕಲ್ಲನ್ನು ಒದ್ದೆ ಮಾಡಿ ಶಾಯಿಯ ಉರುಳೆ ಆಡಿಸಿದರೆ ಜಿಡ್ಡಿದ್ದಲ್ಲಿ ಶಾಯಿ ಕೂರುತ್ತದೆ, ನೀರಿದ್ದಲ್ಲಿ ಕೂರುವುದಿಲ್ಲ. ಗಾಜಿನಡಿ ಕೆನ್ನೆಯೆಂಬುದು ಬರೀ ಕಪ್ಪು ಕಾಳು. ಗಾಜು ಸರಿಸಿದೊಡನೆ ಕಾಳೆಲ್ಲ ಕರಗಿ ಮೆತ್ತನೆಯ ಚರ್ಮ. ಕಣ್ಣಿನ ಹೊಳಪಿಗೆ, ಕಿವಿಯೋಲೆಯ ಮಿಂಚಿಗೆ ಮೊನೆಯಿಂದ ಕೆರೆದ ಬಿಳಿ ಗೀರು. ಆ ಗೀರು ಸಿಕ್ಕಾಗ ನನಗಾಗುವ ಸಂತೋಷವನ್ನು ಯಾರಿಗೆ ಹೇಳಲಿ!

ನಾನು ಕಂಡ ಚಿತ್ರಗಳಲ್ಲಿ ಬಹುತೇಕ ಯಾರೂ ಬಾಯಿ ತೆರೆದಿಲ್ಲ. ಜ್ಯುಡಿತ್ತಾ ಪಾಸ್ತಾ 1831ರಲ್ಲಿ ಮಿಲಾನಿನಲ್ಲಿ ‘ನೋರ್ಮಾ’ ಅಪೇರಾದ ಮೊದಲ ನೋರ್ಮಾ ಆಗಿ ಹಾಡಿದಳು. ಮರಿಯಾ ಮಾಲಿಬ್ರಾನ್ 1836ರಲ್ಲಿ 28ಕ್ಕೇ ತೀರಿಕೊಂಡಳು. ಎಡಿಸನ್ನನ ಫೋನೋಗ್ರಾಫ್ ಬಂದದ್ದು 1877ರಲ್ಲಿ. ಅದಕ್ಕೆ ಮುಂಚಿನ ಕಂಠಗಳೆಲ್ಲ ಗಾಳಿಗೆ ಹೋದವು. ಉಳಿದದ್ದು ಈ ಮುಚ್ಚಿದ ತುಟಿ, ನೀಳ ಕೊರಳು. ಅದಕ್ಕೇ ನಾನು ಮುಖಕ್ಕಿಂತ ಕೊರಳನ್ನೇ ಹೆಚ್ಚು ನೋಡುತ್ತೇನೆ.

ಇವರೆಲ್ಲ ನನಗೆ ದೂರದವರೆನಿಸುವುದಿಲ್ಲ. ಕ್ರೀಹೂಬರ್ ವಿಯೆನ್ನಾದಲ್ಲಿ ಬಳಪ ಹಿಡಿದಿದ್ದ ಕಾಲದಲ್ಲೇ, 1843ರಲ್ಲಿ, ಮಂಗಳೂರಿನಲ್ಲಿ ಪಾದ್ರಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಕಲ್ಲಚ್ಚಿನಲ್ಲೇ ತೆಗೆದ. ಅದೇ ವರ್ಷ ನಮ್ಮ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದರು. 1880ರಲ್ಲಿ ಪುಣೆಯಲ್ಲಿ ಅವರ ‘ಸಂಗೀತ ಶಾಕುಂತಲ’ ರಂಗಕ್ಕೆ ಬಂತು, ಮರಾಠಿ ಸಂಗೀತ ನಾಟಕದ ಯುಗವೇ ತೆರೆಯಿತು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮ ಪ್ರೆಸ್ಸು ಮೊದಲು ಅಚ್ಚು ಹಾಕಿದ್ದೂ ಶಕುಂತಲೆಯ ಜನನವನ್ನೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು! ಆ ಬಣ್ಣಗಳ ವೈಭವ ದೊಡ್ಡದು, ಆದರೂ ನನ್ನ ಮನಸ್ಸು ಒಂದೇ ಕಲ್ಲಿನ ಕಪ್ಪಿಗೇ ಒಲಿಯುತ್ತದೆ. ಬಣ್ಣ ಕಣ್ಣನ್ನು ಸೀರೆಗೆ, ಒಡವೆಗೆ ಎಳೆದೊಯ್ಯುತ್ತದೆ. ಕಪ್ಪು ಮುಖದಲ್ಲೇ ನಿಲ್ಲಿಸುತ್ತದೆ.

ಕಿರ್ಲೋಸ್ಕರರ ನಾಟಕ ಮಂಡಳಿಗೆ 1882ರಲ್ಲಿ ಬಂದು ಶಕುಂತಲೆಯಾಗಿ ಹಾಡಿದವರು ಭಾವುರಾವ್ ಕೋಲ್ಹಟ್ಕರ್. ಆ ಕಂಠಕ್ಕೆ ಊರೂರೇ ಮರುಳಾಗಿತ್ತು. ಆದರೆ ಕ್ರೀಹೂಬರ್ 1876ರಲ್ಲೇ ತೀರಿಹೋಗಿದ್ದ. ಭಾವುರಾವರ ಶಕುಂತಲೆ ಅವನ ಕಲ್ಲಿಗೆ ಸಿಕ್ಕಿದ್ದರೆ ಆ ಕೊರಳಿನ ಮೇಲೆ ಬಳಪವನ್ನು ಅವನು ಎಷ್ಟು ಒತ್ತುತ್ತಿದ್ದ, ಬಿಳಿ ಗೀರನ್ನು ಎಲ್ಲಿ ಎಳೆಯುತ್ತಿದ್ದ ಎಂದು ಎಷ್ಟೋ ರಾತ್ರಿ ಲೆಕ್ಕ ಹಾಕುತ್ತ ಕೂತಿದ್ದೇನೆ.