ದಲ್ಲಾಳಿ ಯಾರ ಕಡೆಯವನು?

ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯವಹಾರವನ್ನು ಕುದುರಿಸುವ ದಲ್ಲಾಳಿಯ ವೃತ್ತಿ ವ್ಯಾಪಾರದಷ್ಟೇ ಹಳೆಯದು. ಅವನನ್ನು ಅನುಮಾನದಿಂದ ಕಾಣುವ ರೂಢಿಯೂ ಅಷ್ಟೇ ಹಳೆಯದು. ಆದರೂ ದಲ್ಲಾಳಿಯಿಲ್ಲದೆ ಪೇಟೆ ನಡೆಯುವುದಿಲ್ಲ. ಊರು ತಿಳಿಯದವನಿಗೆ ಊರನ್ನು, ದರ ತಿಳಿಯದವನಿಗೆ ದರವನ್ನು ತಿಳಿಸಿಕೊಡುವ ಅವನ ಶ್ರಮಕ್ಕೆ ಪ್ರತಿಫಲ ಸಲ್ಲುವುದು ನ್ಯಾಯವಾದುದೇ. ಅವನು ಯಾರ ಹಿತಕ್ಕಾಗಿ ದುಡಿಯುತ್ತಿದ್ದಾನೆ, ಯಾರಿಂದ ಎಷ್ಟು ಪಡೆಯುತ್ತಿದ್ದಾನೆ ಎಂಬುದು ಮರೆಯಾಗಿ ಉಳಿದಾಗ ಮಾತ್ರ ದೋಷವು ತಲೆಯೆತ್ತುತ್ತದೆ.

ಈ ಹಳೆಯ ಪ್ರಶ್ನೆಯು ಇಂದು ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಬಾಗಿಲಿಗೂ ಬಂದು ನಿಂತಿದೆ. ಅಲ್ಲಿಯ ದೊಡ್ಡ ಕಂಪನಿಗಳು ತಮ್ಮ ನೌಕರನನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ವರ್ಗಾಯಿಸುವಾಗ ಅವನ ಹಳೆಯ ಮನೆಯನ್ನು ಮಾರಿಸುವ, ಹೊಸ ಮನೆಯನ್ನು ಕೊಡಿಸುವ, ಸಾಮಾನು ಸಾಗಿಸುವ ಹೊಣೆಯನ್ನು ರಿಲೊಕೇಶನ್ ಕಂಪನಿ ಎಂಬ ಮೂರನೆಯ ಸಂಸ್ಥೆಗೆ ಒಪ್ಪಿಸುವುದುಂಟು. ಆ ಸಂಸ್ಥೆಯ ಬಳಿ ರಿಯಲ್ ಎಸ್ಟೇಟ್ ಏಜೆಂಟರ ಸಿದ್ಧ ಪಟ್ಟಿಯೊಂದು ಇರುತ್ತದೆ. ಮನೆಯೊಡೆಯನಿಗೆ ಆ ಪಟ್ಟಿಯಿಂದ ಇಬ್ಬರು ಮೂವರ ಹೆಸರುಗಳು ಬರುತ್ತವೆ. ಮನೆ ತನ್ನದು, ಸಾಲ ತನ್ನದು. ಏಜೆಂಟನನ್ನು ಮಾತ್ರ ಬೇರೆಯವರು ಆರಿಸಬೇಕೆ ಎಂಬ ಪ್ರಶ್ನೆ ಅವನಲ್ಲಿ ಏಳುವುದು ಸಹಜ.

ನ್ಯೂಜೆರ್ಸಿಯಲ್ಲಿ ಹಲವು ವರ್ಷಗಳಿಂದ ನೆಲೆಸಿದ್ದ ಹುಬ್ಬಳ್ಳಿ ಕಡೆಯ ದಂಪತಿಗಳಿಗೆ 2025ರಲ್ಲಿ ಇಂಥದೇ ಸಂದರ್ಭ ಒದಗಿತು. ಪತಿಯ ವಿಭಾಗವನ್ನು ಕಂಪನಿಯು ಟೆಕ್ಸಾಸಿನ ಡಲ್ಲಾಸ್ ಪ್ರದೇಶಕ್ಕೆ ವರ್ಗಾಯಿಸಿತು. ಅವರು ವಾಸವಿದ್ದ ಮನೆಯನ್ನು ಹಿಂದೆ ಕೊಡಿಸಿದ್ದವಳು ಅದೇ ಊರಿನ ಒಬ್ಬ ಮಹಿಳಾ ಏಜೆಂಟ್. ಮನೆಯ ದುರಸ್ತಿಗೆ, ಊರಿನ ತೆರಿಗೆ ತಕರಾರಿಗೆ ಬಿಡಿಗಾಸೂ ಪಡೆಯದೆ ಸಲಹೆ ನೀಡುತ್ತ ಬಂದವಳು. "ಈ ಮನೆ ಮಾರುವ ಕಾಲ ಬಂದರೆ ನಿಮ್ಮ ಕೈಯಿಂದಲೇ" ಎಂದು ಮನೆಯೊಡತಿ ಆಕೆಗೆ ಮಾತು ಕೊಟ್ಟಿದ್ದಳು. ಬರಹವಿಲ್ಲ, ಸಹಿಯಿಲ್ಲ, ಬಾಯಿಮಾತು ಮಾತ್ರ. ರಿಲೊಕೇಶನ್ ಕಂಪನಿಯು ಕಳಿಸಿದ ಹೆಸರುಗಳಲ್ಲಿ ಆಕೆಯ ಹೆಸರಿರಲಿಲ್ಲ.

ಪತಿಯ ತಂದೆ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಬಹುಕಾಲ ಅಡತಿ ಅಂಗಡಿ ನಡೆಸಿದವರು. ಮಗನು ಫೋನಿನಲ್ಲಿ ಸಂಗತಿಯನ್ನು ತಿಳಿಸಿದಾಗ ಅವರು ಅಮೆರಿಕದ ಕಾನೂನನ್ನು ವಿಚಾರಿಸಲಿಲ್ಲ. "ತಮ್ಮಾ, ಆ ಪಟ್ಟಿಯೊಳಗ ಹೆಸರು ಬರಬೇಕಂದ್ರ ಅವರು ಏನು ಕೊಡತಾರ, ಅದನ್ನ ಮೊದಲು ಕೇಳು" ಎಂದರು.

ಪ್ರಶ್ನೆ ಸರಿಯಾದ ಜಾಗವನ್ನೇ ಮುಟ್ಟಿತು. ಪಟ್ಟಿಯ ಏಜೆಂಟನು ತನಗೆ ದೊರೆತ ಗಿರಾಕಿಯ ಸಲುವಾಗಿ ತನ್ನ ಕಮಿಷನ್ನಿನ ಒಂದು ಭಾಗವನ್ನು ರೆಫರಲ್ ಫೀ ಎಂಬ ಹೆಸರಿನಲ್ಲಿ ರಿಲೊಕೇಶನ್ ಕಂಪನಿಗೆ ಬಿಟ್ಟುಕೊಡುತ್ತಾನೆ. ಈ ಭಾಗವು ಮೂರರಲ್ಲಿ ಒಂದಂಶಕ್ಕಿಂತ ಹೆಚ್ಚಿರುವುದೂ ಉಂಟು. ಉದಾಹರಣೆಗೆ 6 ಲಕ್ಷ ಡಾಲರಿನ ಮನೆಗೆ ಶೇಕಡಾ 2.5ರಂತೆ ಮಾರುವವರ ಕಡೆಯ ಕಮಿಷನ್ 15,000 ಡಾಲರ್ ಎಂದಿಟ್ಟುಕೊಂಡರೆ, ಶೇಕಡಾ 35ರ ರೆಫರಲ್ ಫೀ 5,250 ಡಾಲರ್ ಆಗುತ್ತದೆ. ಉಳಿದ 9,750 ಡಾಲರಿನಲ್ಲಿ ಏಜೆಂಟಳು ತಾನು ಸೇರಿದ ಬ್ರೋಕರ್ ಸಂಸ್ಥೆಯ ಪಾಲನ್ನೂ ಕೊಡಬೇಕು; ಜಾಹೀರಾತು, ಛಾಯಾಚಿತ್ರ, ಓಡಾಟಗಳ ವೆಚ್ಚವನ್ನೂ ನೋಡಿಕೊಳ್ಳಬೇಕು.

ಇದನ್ನು ಲಂಚವೆನ್ನಲು ಬರುವುದಿಲ್ಲ. ಮನೆ ವ್ಯವಹಾರಗಳಲ್ಲಿ ಗಿರಾಕಿಯನ್ನು ಕಳಿಸಿದ್ದಕ್ಕಾಗಿ ಗುಪ್ತ ಹಣ ಕೊಡುವುದನ್ನು ಅಮೆರಿಕದ 1974ರ ಕಾನೂನೊಂದು ನಿಷೇಧಿಸಿದೆಯಾದರೂ, ಪರವಾನಗಿ ಪಡೆದ ಬ್ರೋಕರರು ತಮ್ಮತಮ್ಮಲ್ಲಿ ರೆಫರಲ್ ಹಣ ಹಂಚಿಕೊಳ್ಳುವುದಕ್ಕೆ ಅದೇ ಕಾನೂನಿನಲ್ಲಿ ವಿನಾಯಿತಿ ಇದೆ. ಆದ್ದರಿಂದ ವ್ಯವಸ್ಥೆಯು ಕಾನೂನಿಗೆ ಒಳಪಟ್ಟದ್ದೇ. ಆದರೆ ಅದರ ಪರಿಣಾಮವನ್ನು ಮನೆಯೊಡೆಯನು ಅರಿತಿರಬೇಕು. ಅವನು ಏಜೆಂಟನಿಗೆ ಬದುಕಿನಲ್ಲಿ ಒಮ್ಮೆಯೋ ಎರಡು ಬಾರಿಯೋ ಸಿಗುವ ಗಿರಾಕಿ; ರಿಲೊಕೇಶನ್ ಕಂಪನಿಯು ವರ್ಷವರ್ಷವೂ ಕೆಲಸ ಕೊಡುವ ಯಜಮಾನ. ಇಬ್ಬರ ಹಿತಗಳು ಬೇರೆಯಾದ ದಿನ ಏಜೆಂಟನ ಮುಖ ಯಾರ ಕಡೆಗೆ ತಿರುಗೀತು ಎಂಬುದನ್ನು ಯೋಚಿಸದೆ ಸಹಿ ಮಾಡುವುದು ವಿವೇಕವಲ್ಲ.

ಹಾಗೆಂದು ಪಟ್ಟಿಯನ್ನು ತಿರಸ್ಕರಿಸುವುದೇ ಜಾಣತನವೆಂದು ತಿಳಿಯುವುದೂ ತಪ್ಪು. ಅದಕ್ಕೆ ತೆರಿಗೆಯ ಕಾರಣವೊಂದಿದೆ. ಬಯರ್ ವ್ಯಾಲ್ಯೂ ಆಪ್ಷನ್ ಎಂಬ ಪದ್ಧತಿಯಲ್ಲಿ, ಹೊರಗಿನ ಕೊಳ್ಳುವವನು ಮುಂದಿಟ್ಟ ಬೆಲೆಗೆ ಮೊದಲು ರಿಲೊಕೇಶನ್ ಕಂಪನಿಯೇ ಮನೆಯನ್ನು ನೌಕರನಿಂದ ಕೊಳ್ಳುತ್ತದೆ. ಬಳಿಕ ಅದನ್ನು ಆ ಕೊಳ್ಳುವವನಿಗೆ ಮಾರುತ್ತದೆ. ಎರಡೂ ನಿಜವಾದ, ಪ್ರತ್ಯೇಕವಾದ ಮಾರಾಟಗಳಾಗಿದ್ದರೆ ಕಮಿಷನ್ ಮೊದಲಾದ ವೆಚ್ಚಗಳು ಕಂಪನಿಯ ಲೆಕ್ಕಕ್ಕೆ ಸೇರುತ್ತವೆ, ನೌಕರನ ಆದಾಯವೆನಿಸುವುದಿಲ್ಲ. ಇಂಥ ಪ್ರತ್ಯೇಕ ಮಾರಾಟಗಳ ಬಗೆಗೆ ಅಲ್ಲಿಯ ತೆರಿಗೆ ಇಲಾಖೆಯು 2005ರಲ್ಲಿ ನಿರ್ಣಯವನ್ನು ಹೊರಡಿಸಿದೆ. ನೌಕರನು ಆತುರಪಟ್ಟು ಕೊಳ್ಳುವವನ ಕರಾರಿಗೆ ತಾನೇ ಸಹಿ ಹಾಕಿದರೆ ಅಥವಾ ಮುಂಗಡ ಹಣ ಪಡೆದರೆ ಈ ಅನುಕೂಲವು ಕೈತಪ್ಪುವ ಭಯವಿದೆ. ಸಾಮಾನು ಸಾಗಣೆಗೆ ಕಂಪನಿ ಕೊಡುವ ಹಣವೂ 2018ರಿಂದ ನೌಕರನ ಆದಾಯವೆಂದೇ ಎಣಿಕೆಯಾಗುತ್ತಿದೆ. 2025ರ ಕಾನೂನು ಸೈನಿಕರೇ ಮೊದಲಾದ ಕೆಲವರ ಹೊರತು ಅದನ್ನು ಕಾಯಂಗೊಳಿಸಿದೆ. ಆದ್ದರಿಂದ ಮನೆ ಮಾರಾಟದಲ್ಲಿ ಉಳಿಯುವ ಹಣದ ಬೆಲೆ ಇನ್ನಷ್ಟು ಹೆಚ್ಚಿದೆ. ಪಟ್ಟಿಯ ಏಜೆಂಟನಿಗೆ ಈ ಕ್ರಮಗಳೆಲ್ಲ ಅಭ್ಯಾಸವಾಗಿರುತ್ತವೆ. ಹೊರಗಿನವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಅರಿಯದೆ ಒಂದು ಸಹಿ ಹಾಕಿಸಿದರೆ ನಷ್ಟ ಮನೆಯೊಡೆಯನದು.

ದಂಪತಿಗಳು ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಕಂಪನಿಯ ವರ್ಗಾವಣೆ ನಿಯಮಗಳನ್ನು ಓದಿದರು. ಸಂದೇಹಗಳನ್ನು ಬರೆದು ಕೇಳಿದರು. ಸ್ವಂತ ಏಜೆಂಟರನ್ನು ಆರಿಸಿಕೊಳ್ಳಲು ಅವಕಾಶವುಂಟು. ಆದರೆ ಆಕೆಯೂ ಪಟ್ಟಿಯವರಂತೆಯೇ ರೆಫರಲ್ ಫೀ ಕೊಡಬೇಕು, ರಿಲೊಕೇಶನ್ ಕಂಪನಿಯೇ ಮನೆಯನ್ನು ಕೊಂಡಾಗ ಕಮಿಷನ್ ಕೇಳಬಾರದೆಂಬ ಷರತ್ತನ್ನು ಒಪ್ಪಬೇಕು ಎಂಬ ಉತ್ತರ ಬಂದಿತು. ಪರಿಚಯವನ್ನೇ ಮಾಡಿಸದವರಿಗೆ ಪರಿಚಯದ ಹಣವೆಂದರೆ ಹೇಗೆ ಎಂದು ಅವರು ಮತ್ತೊಮ್ಮೆ ಬರೆದರು. ನಿಯಮ ಸಡಿಲವಾಗಲಿಲ್ಲ.

ಆಗ ಅವರು ಮಾಡಿದ ಕೆಲಸ ಉಲ್ಲೇಖಾರ್ಹವಾಗಿದೆ. ಆ ಮಹಿಳೆಯನ್ನು ಮನೆಗೆ ಕರೆದು ಎಲ್ಲ ಪತ್ರಗಳನ್ನೂ ಆಕೆಯ ಮುಂದಿಟ್ಟರು. "ನೀವು ಒಲ್ಲೆನೆಂದರೆ ಸ್ನೇಹಕ್ಕೆ ಕುಂದಿಲ್ಲ. ಒಪ್ಪುವುದಾದರೆ ಲೆಕ್ಕವನ್ನು ತಿಳಿದೇ ಒಪ್ಪಿರಿ" ಎಂದರು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದೆಂದರೆ ಅದರ ಭಾರವನ್ನು ಕೇಳಿದವರ ತಲೆಗೆ ಮರೆಯಲ್ಲಿ ಹೊರಿಸುವುದಲ್ಲ. ಪತಿಯು ಕನಿಕರದಿಂದ, ಆಕೆಗೆ ಕಡಿಮೆ ಬೀಳುವ ಹಣವನ್ನು ತಾವು ಕೈಯಿಂದ ಬೇರೆಯಾಗಿ ಕೊಡುವುದಾಗಿಯೂ ಸೂಚಿಸಿದರು. ಆಕೆ ಅದನ್ನು ನಿರಾಕರಿಸಿದಳು. ಮಾರಾಟದ ಅಂತಿಮ ಲೆಕ್ಕಪತ್ರದಲ್ಲಿ ಕಾಣದ ಹಣ ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದರೂ ತನಗೆ ಬೇಡವೆಂದಳು. ಷರತ್ತುಗಳಿಗೆ ಒಪ್ಪಿ, ಆ ಪದ್ಧತಿಯ ಕಾಗದಪತ್ರಗಳನ್ನು ತನ್ನ ಬ್ರೋಕರ್ ಸಂಸ್ಥೆಯಲ್ಲಿ ಅನುಭವವಿದ್ದವರ ಬಳಿ ಕೂತು ತಿಳಿದುಕೊಂಡು, ಮನೆಯನ್ನು ಮಾರಿಸಿಕೊಟ್ಟಳು. ಆಕೆಗೆ ದೊರೆತದ್ದು ಕಡಿಮೆಯೇ. ಆ ಕೊರತೆಯನ್ನು ಈ ಲೇಖನದ ಯಾವ ಮಾತೂ ತುಂಬಲಾರದು. ಶ್ರಮಿಸದವರಿಗೆ ಪಾಲು ಸಲ್ಲಿಸುವ ನಿಯಮವು ಕಾನೂನಿಗೆ ಸಮ್ಮತವಾದರೂ ನ್ಯಾಯದ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿಯೇ ಉಳಿಯುತ್ತದೆ.

ಟೆಕ್ಸಾಸಿನಲ್ಲಿ ಪರೀಕ್ಷೆ ಬೇರೆ ಬಗೆಯದಾಯಿತು. ಏಜೆಂಟರ ಪರವಾನಗಿ ಅಮೆರಿಕದಲ್ಲಿ ರಾಜ್ಯರಾಜ್ಯಕ್ಕೂ ಬೇರೆಯಾದುದರಿಂದ ಅಲ್ಲಿ ಹೊಸಬರನ್ನೇ ಹುಡುಕಬೇಕಿತ್ತು. ಕನ್ನಡ ಸಂಘದ ಪರಿಚಯದಿಂದ ಒಬ್ಬ ಏಜೆಂಟನು ಮುಂದೆ ಬಂದನು. ಊರಿನವ, ಭಾಷೆಯವ; ವಿಶ್ವಾಸ ತಾನಾಗಿ ಮೂಡಿತು. ಆದರೆ ಅವನು, ತನ್ನ ಕಮಿಷನ್ನಿನಲ್ಲಿ ಒಂದು ಭಾಗವನ್ನು ನಗದಾಗಿ ಹಿಂದಿರುಗಿಸುವೆನೆಂದೂ, ಕಂಪನಿಗಾಗಲಿ ಸಾಲ ಕೊಡುವ ಬ್ಯಾಂಕಿಗಾಗಲಿ ತಿಳಿಸುವ ಅಗತ್ಯವಿಲ್ಲವೆಂದೂ ಹೇಳಿದನು. ಕೊಳ್ಳುವವನಿಗೆ ಕಮಿಷನ್ನಿನ ಭಾಗವನ್ನು ಬಿಟ್ಟುಕೊಡುವುದು ಆ ರಾಜ್ಯದಲ್ಲಿ ನಿಷಿದ್ಧವಲ್ಲ. ಲೆಕ್ಕಪತ್ರದಲ್ಲಿ ತೋರಿಸಿ, ಸಾಲ ಕೊಡುವವರಿಗೆ ತಿಳಿಸಿ ಕೊಟ್ಟರೆ ಅದು ಸರಳವಾದ ರಿಯಾಯಿತಿ. ಮರೆಯಲ್ಲಿ ಕೊಟ್ಟರೆ ಅದರ ಸ್ವರೂಪವೇ ಬದಲಾಗುತ್ತದೆ. ನ್ಯೂಜೆರ್ಸಿಯಲ್ಲಿ ಪತಿಯು ಕನಿಕರದಿಂದ ಕೊಡಹೋದ ಹಣಕ್ಕೂ ಇಲ್ಲಿ ಈತನು ಲಾಭಕ್ಕಾಗಿ ಕೊಡಬಂದ ಹಣಕ್ಕೂ ಉದ್ದೇಶದಲ್ಲಿ ಅಂತರವಿದೆ. ಕೀರ್ದಿಯ ಹೊರಗೆ ನಿಲ್ಲುವುದರಲ್ಲಿ ಎರಡೂ ಒಂದೇ. ಮೊದಲನೆಯದನ್ನು ಬೇಡವೆಂದವಳಿಂದ ಕಲಿತ ಪಾಠವು ಎರಡನೆಯದನ್ನು ಬೇಡವೆನ್ನಲು ದಂಪತಿಗಳಿಗೆ ನೆರವಾಯಿತು.

ಕೊನೆಗೆ ಅವರು ಆರಿಸಿದ್ದು ಪಟ್ಟಿಯಲ್ಲಿದ್ದ ಒಬ್ಬಳನ್ನೇ. ಆಯ್ಕೆಗೆ ಕಾರಣ ಆಕೆ ಕೊಟ್ಟ ಉತ್ತರಗಳು. ರೆಫರಲ್ ಫೀ ಎಷ್ಟೆಂದು ಕೇಳಿದಾಗ ತಡಬಡಿಸದೆ ಹೇಳಿದಳು. ದೇಶದ ಏಜೆಂಟರ ದೊಡ್ಡ ಸಂಘವು ಮೊಕದ್ದಮೆಗಳಲ್ಲಿ ಮಾಡಿಕೊಂಡ ರಾಜಿಯ ಫಲವಾಗಿ 2024ರ ಆಗಸ್ಟ್ 17ರಿಂದ, ಅದರ ಸದಸ್ಯರು ಮನೆ ತೋರಿಸುವ ಮೊದಲೇ ಕೊಳ್ಳುವವರೊಡನೆ ಲಿಖಿತ ಕರಾರು ಮಾಡಿಕೊಂಡು ತಮ್ಮ ಪ್ರತಿಫಲವನ್ನು ಅದರಲ್ಲಿ ಸ್ಪಷ್ಟವಾಗಿ ನಮೂದಿಸಬೇಕಾಗಿದೆ. ಆಕೆ ಆ ಕರಾರನ್ನು ಸಾಲುಸಾಲಾಗಿ ಓದಿಸಿದಳು. ದೀರ್ಘ ಅವಧಿಯನ್ನು ಒತ್ತಾಯಿಸಲಿಲ್ಲ.

ದಂಪತಿಗಳು ಮೆಚ್ಚಿದ ಮೊದಲ ಮನೆಯ ವಿಷಯದಲ್ಲಿ ಆಕೆಯ ಗುಣ ಬೆಳಕಿಗೆ ಬಂದಿತು. ಡಲ್ಲಾಸ್ ಸುತ್ತಿನ ಬಹುಭಾಗ ಕಪ್ಪು ಜೇಡಿಯ ನೆಲ. ಧಾರವಾಡ, ಗದಗ ಸೀಮೆಯ ಎರೆಮಣ್ಣನ್ನು ಬಲ್ಲವರಿಗೆ ಅದರ ಸ್ವಭಾವ ಹೊಸದಲ್ಲ. ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಕಟ್ಟಡದ ತಳಪಾಯ ಅದರೊಂದಿಗೆ ಏರಿಳಿಯುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಹೊಸದಾಗಿ ಬಳಿದ ಬಣ್ಣವನ್ನು ಕಂಡು ಆಕೆ ಕಟ್ಟಡ ಎಂಜಿನಿಯರರಿಂದ ಪರೀಕ್ಷೆ ಮಾಡಿಸಲು ಹೇಳಿದಳು. ಟೆಕ್ಸಾಸಿನ ಕರಾರುಗಳಲ್ಲಿ ಸಣ್ಣ ಶುಲ್ಕ ಕೊಟ್ಟು ಕೆಲವು ದಿನಗಳ ಆಪ್ಷನ್ ಅವಧಿಯನ್ನು ಪಡೆಯುವ ಕ್ರಮವುಂಟು. ಆ ದಿನಗಳೊಳಗೆ ಕೊಳ್ಳುವವನು ಕಾರಣ ಕೊಡದೆ ಹಿಂದೆ ಸರಿಯಬಹುದು. ತಳಪಾಯ ಕುಸಿದಿರುವುದು ಪರೀಕ್ಷೆಯಲ್ಲಿ ಕಂಡುಬಂದಿತು. ಶುಲ್ಕ ಹೋಯಿತು, ಮನೆ ಬಿಟ್ಟುಹೋಯಿತು, ಆಕೆಯ ಕೈಗೆ ಬಂದಿದ್ದ ಕಮಿಷನ್ನೂ ಹೋಯಿತು. ಮತ್ತೆರಡು ತಿಂಗಳು ಅಲೆದ ಮೇಲೆ ಬೇರೊಂದು ಮನೆ ದೊರೆಯಿತು.

ಹಳೆಯ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ. ಗಿರಾಕಿಯ ಹಿತಕ್ಕಾಗಿ ತನ್ನ ಲಾಭವನ್ನು ಕಳೆದುಕೊಳ್ಳಬಲ್ಲವನೇ ಗಿರಾಕಿಯ ಕಡೆಯವನು. ಅವನು ಪಟ್ಟಿಯೊಳಗೂ ಇರಬಹುದು, ಹೊರಗೂ ಇರಬಹುದು. ಪಟ್ಟಿಯನ್ನು ನಂಬಿ ಕಣ್ಣು ಮುಚ್ಚುವುದು ಹೇಗೆ ಆಯ್ಕೆಯಲ್ಲವೋ, ಪರಿಚಯವನ್ನು ನಂಬಿ ಕಣ್ಣು ಮುಚ್ಚುವುದೂ ಹಾಗೆಯೇ ಆಯ್ಕೆಯಲ್ಲ.

ವರ್ಗಾವಣೆಯ ಪತ್ರ ಕೈಗೆ ಬಂದ ಮಕ್ಕಳು ಊರಿನ ಹಿರಿಯರನ್ನು ಸಲಹೆ ಕೇಳಿದರೆ, ಹಿರಿಯರು ಅಲ್ಲಿಯ ಕಾನೂನನ್ನು ತಿಳಿದಿರಬೇಕಾಗಿಲ್ಲ. ಸಹಿಗೆ ಮುನ್ನ ನಿಯಮಗಳನ್ನು ಓದಿದೆಯಾ? ಈ ಏಜೆಂಟನು ಯಾರಿಂದ ಪಡೆದು ಯಾರಿಗೆ ಎಷ್ಟು ಕೊಡುತ್ತಾನೆಂದು ಕೇಳಿದೆಯಾ? ಲೆಕ್ಕದ ಹೊರಗೆ ಒಂದು ಪೈಸೆಯಾದರೂ ಕೈ ಬದಲಾಗುತ್ತಿದೆಯೆ? ಈ ಮೂರನ್ನು ಕೇಳಿದರೆ ಸಾಕು. ಮೂರಕ್ಕೂ ನೇರವಾದ ಉತ್ತರ ಬಂದರೆ, ಹೆಸರನ್ನು ಯಾರು ಸೂಚಿಸಿದರೆಂಬುದು ದೊಡ್ಡ ಮಾತಾಗಿ ಉಳಿಯುವುದಿಲ್ಲ.